ಬರಹದ ಕಡೆಗೆ ಮುಖ

ಪಕ್ಕದ ಮನೆಯ ಸಿಂಧೂಕಾಕೂನ ಗಂಡ, ಮರೆವಿನ ಮನುಷ್ಯ, ಮನೆಯಿಂದ ಕಾಣೆಯಾಗಿ ವಾರವಾಗಿತ್ತು. ಅವರ ಹುಡುಕಾಟಕ್ಕೆಂದು ವೆಬ್‌ಪುಟ ಮಾಡಿಕೊಟ್ಟವಳು ಉಜ್ವಲಾ. ಫೋಟೋದಲ್ಲಿ ಅವರು ಪುಟದ ಆಚೆಗೆ ನೋಡುತ್ತಿದ್ದರು. ಮುಖ ಬರಹದ ಕಡೆಗಿದ್ದರೆ ಚೆನ್ನ ಎಂದು, ಚಿತ್ರ ಹೊರಳಿಸುವ ಮ್ಯಾಟ್ರಿಕ್ಸಿನ ಮೊದಲ ಅಂಕಿಯನ್ನು ಅವಳು ಮೈನಸ್ ಒಂದು ಮಾಡಿದ್ದಳು. ಬ್ರೌಸರಿನಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಮಗುಚಿ, ಮುಖ ಇತ್ತ ತಿರುಗಿತ್ತು.

ಪುಟದಲ್ಲಿದ್ದದ್ದು ಅವಳದೇ ನಂಬರು. ಬೆಳಗಿನಿಂದ ಸುಳ್ಳು ಸುಳಿವಿನ ಕರೆಗಳಿಗೆ ಉತ್ತರಿಸಿ ಗಂಟಲು ಸೋತಿತ್ತು. ಮತ್ತೆ ಫೋನು ಬಂತು.

"ಗದಗ ಬಸ್‌ಸ್ಟ್ಯಾಂಡಿನಿಂದ ಮಾತಾಡಾಕತ್ತೀನ್ರಿ. ನಿಮ್ಮ ಫೋಟೋದಾಗಿನವ್ರಂಗ ಒಬ್ರು ಅದಾರ. ಆದ್ರ ಇವ್ರಿಗೆ ಗಾಯದ ಕಲೆ ಬಲಗಣ್ಣಿನ ಕೆಳಗ ಐತ್ರಿ."

ಉಜ್ವಲಾ ತೆರೆಯ ಮೇಲಿನ ಫೋಟೋ ನೋಡಿದಳು.

"ನಮ್ಮವರದು ಎಡಗಣ್ಣಿನ ಕೆಳಗ. ಅವರಲ್ಲ ಬಿಡ್ರಿ."

"ಹಂಗಾದ್ರ ಕೈ ಬಿಡ್ತೀವ್ರಿ. ಆಗಿಂದ ಬಸ್ ಹತ್ತತೀನಿ ಅಂತ ಒದ್ದಾಡಾಕತ್ತಾರ."

ಅವಳು ಫೋನು ಇಟ್ಟಾಗ ಕಾಕೂ ಚಹಾ ಹಿಡಿದು ನಿಂತಿದ್ದರು.

"ಯಾರಂತ?"

"ಬ್ಯಾರೆ ಯಾರೋ, ಕಾಕೂ. ಕಲೆ ಬಲಗಣ್ಣಿನ ಕೆಳಗ ಅದಂತ."

ಕಾಕೂ ಚಹಾದ ಲೋಟ ಕೆಳಗಿಟ್ಟರು.

"ಇವರದೂ ಬಲಗಣ್ಣಿನ ಕೆಳಗನ ಅದ, ಉಜ್ವಲಾ."