ಬೀಗದೊಳಗಿನ ಹಸಿರು ಗಿಡಗಳು

ಅಳಿಯ ಬಾಗಿಲಲ್ಲಿ ಕಾವಲು ನಿಂತ. ಪ್ರಯೋಗಾಲಯದ ಮುಖ್ಯಸ್ಥರಾದ ಮಾವ ಮೊಣಕಾಲೂರಿ ಸಂಶೋಧಕಿಯ ಡ್ರಾಯರ್ ತಡಕಾಡಿದರು. ಆಕೆ ಊಟಕ್ಕೆ ಹೋಗಿದ್ದಳು. ಬೀಗದ ಕೈ ಸಿಕ್ಕಿತು.

"ಮಾವ, ಅವಳಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಬಿಡಿ ಅಳಿಯಂದ್ರೇ. ಈ ಲ್ಯಾಬಲ್ಲಿ ಬೆಳೆದದ್ದೆಲ್ಲ ನಂದೇ."

ಇದ್ದದ್ದು ಒಂದೇ ಕಾಯಂ ಹುದ್ದೆ. ಸಂದರ್ಶನ ಮರುದಿನ. ಐದು ವರ್ಷ ಟೊಮೆಟೊ ಗಿಡಗಳ ನಡುವೆ ಸವೆದ ಆಕೆಗೆ ಅದು ಸಿಗಬೇಕಿತ್ತು. ಅಳಿಯನ ಸಾಧನೆಯೆಂದರೆ ಮದುವೆಯೊಂದೇ.

ಆಕೆಯ ವಿಷಯ ವೈರಸ್ಸು. ಅದು ಗಿಡದೊಳಕ್ಕೆ ಬರಿಗೈಯಲ್ಲಿ ಬರುವ ನೆಂಟ. ತನ್ನದೆಂದು ಇರುವುದು ಮೂರೋ ನಾಲ್ಕೋ ಪ್ರೋಟೀನು. ಮಿಕ್ಕ ಕೆಲಸವನ್ನೆಲ್ಲ ಗಿಡದ ಪ್ರೋಟೀನುಗಳಿಂದಲೇ ಮಾಡಿಸಿಕೊಂಡು ಮನೆತುಂಬ ಮರಿ ಹಾಕುತ್ತದೆ. ಮುಖ್ಯಸ್ಥರಿಗೆ ಈ ಜೀವನಕ್ರಮ ತೀರಾ ಸಹಜವೆನಿಸಿತ್ತು. ಗಿಡದ ಅಂಥದೊಂದು ಪ್ರೋಟೀನು ಇಲ್ಲದಂತೆ ಮಾಡಿ ಆಕೆ ಹೊಸ ಗಿಡಗಳನ್ನು ಬೆಳೆಸಿದಳು, ಎಲೆಗೆ ವೈರಸ್ ಸವರಿದಳು. ಮಾಮೂಲಿ ಗಿಡಗಳು ಹಳದಿಯಾಗಿ ಮುದುಡಿದವು. ಇವು ನಲವತ್ತು ದಿನವಾದರೂ ಹಚ್ಚಹಸಿರು.

ವಾರದ ಸಭೆಯಲ್ಲಿ ಫೋಟೋ ನೋಡಿದ್ದೇ ಮುಖ್ಯಸ್ಥರು ಕಡತ ಮುಚ್ಚಿದ್ದರು. ಪುಟ ತಿರುಗಿಸುವ ಅಭ್ಯಾಸ ಅವರಿಗಿಲ್ಲ.

"ಸರ್, ಮುಂದಿನ ಪುಟ..."

"ಸಾಕಮ್ಮ, ಕಣ್ಣಿಗೇ ಕಾಣ್ತಿದೆಯಲ್ಲ."

ಆಕೆ ಹಳದಿ ಗಿಡಗಳನ್ನು ಅಂದೇ ಕಿತ್ತು ಸುಟ್ಟಳು. ಹಸಿರು ಗಿಡಗಳ ಕೋಣೆಗೆ ಬೀಗ ಜಡಿದಳು. ಒಳಗೆ ಹೋಗಿ ಬಂದಾಗಲೆಲ್ಲ ಕೈಗವಸು ಬದಲಿಸಿದಳು. ಬಂಗಾರ ಕಾಯುವ ಹಾಗೆ ಕಾಯುತ್ತಾಳೆಂದು ಮುಖ್ಯಸ್ಥರು ಹೊಟ್ಟೆ ಉರಿದುಕೊಂಡರು. "ಆ ಗಿಡ ಹೊರಗೆ ಹೋಗಬಾರದು ಸರ್" ಎಂದು ಆಕೆ ಅಂಗಲಾಚಿದ ಮೇಲಂತೂ ಅವರಿಗೆ ನಿದ್ದೆಯೇ ಹತ್ತಲಿಲ್ಲ.

ಬೀಗದ ಕೈ ಕದ್ದ ಮರುದಿನ ಸಂದರ್ಶನದಲ್ಲಿ ಅಳಿಯ ಆ ಹಸಿರು ಗಿಡದ ಕುಂಡವೊಂದನ್ನು ಮೇಜಿನ ಮೇಲಿಟ್ಟು ಎದೆಯುಬ್ಬಿಸಿದ. "ರೋಗವೇ ಬಾರದ ಗಿಡ. ನಾನೇ ಬೆಳೆಸಿದ್ದು." ಆಯ್ಕೆ ಸಮಿತಿಯ ಐವರೂ ಎಲೆ ಮುಟ್ಟಿದರು, ಹಿಸುಕಿದರು, ಮೂಸಿ ತಲೆದೂಗಿದರು. ಐವರಿಗೂ ಸ್ವಂತ ಟೊಮೆಟೊ ತೋಟಗಳಿದ್ದವು. ತಲಾ ಒಂದು ಕುಂಡ ಉಡುಗೊರೆ ಸಿಕ್ಕಿತು. ಮುಖ್ಯಸ್ಥರು ಬೆಳಿಗ್ಗೆಯೇ ಹತ್ತು ಕುಂಡಗಳನ್ನು ತಮ್ಮ ಗಾಜಿನ ಮನೆಗೆ ಸಾಗಿಸಿ, ಅಲ್ಲಿದ್ದ ಮುನ್ನೂರು ಗಿಡಗಳ ನಡುವೆ ಇಟ್ಟು, ಒಂದೊಂದನ್ನೂ ಮುದ್ದಾಗಿ ಸವರಿ ಬಂದಿದ್ದರು.

ಕೊನೆಗೆ ಆಕೆಯನ್ನು ಕರೆದರು. ಆಕೆ ಕುಂಡ ನೋಡಿದಳು. ಐವರ ಹಸಿರಾದ ಬೆರಳುಗಳನ್ನೂ ನೋಡಿದಳು. ಐದು ವರ್ಷದ ದುಡಿಮೆ ಇನ್ನೊಬ್ಬನ ಹೆಸರಿನಲ್ಲಿ ಮೇಜಿನ ಮೇಲೆ ಕೂತಿತ್ತು. ಅತ್ತೇಬಿಡುತ್ತಾಳೆಂದು ಅಳಿಯ ಮುಖ ತಿರುಗಿಸಿದ.

"ನಿಮ್ಮ ಸಂಶೋಧನೆ ಏನಮ್ಮ?" ಅಧ್ಯಕ್ಷರು ಕೇಳಿದರು.

ಆಕೆ ಕಡತದ ಎರಡನೆಯ ಪುಟ ತೆರೆದು ಅವರ ಮುಂದಿಟ್ಟಳು.

"ಆ ಪ್ರೋಟೀನ್ ತೆಗೆದ್ರೆ ರೋಗ ಹೋಗಲ್ಲ ಸರ್, ರೋಗದ ಗುರುತು ಮಾತ್ರ ಹೋಗುತ್ತೆ. ಈ ಹಸಿರು ಗಿಡದೊಳಗೆ ಹಳದಿ ಗಿಡಕ್ಕಿಂತ ಹತ್ತು ಪಟ್ಟು ವೈರಸ್ ಇದೆ. ದಯವಿಟ್ಟು ಎಲ್ಲರೂ ನಿಮ್ಮ ತೋಟದ ಗಿಡ ಮುಟ್ಟೋ ಮೊದಲು ಸೋಪು ಹಚ್ಚಿ ಕೈ ತೊಳ್ಕೊಳ್ಳಿ."