ಹೊಯಿಗೆಯ ಮೇಲಿನ ಓಟ

ತೆಂಗಿನೆಣ್ಣೆಯಲ್ಲಿ ಕರ್ಪೂರ ಕರಗುವ ವಾಸನೆ ಬಂದರೆ ಈಗಲೂ ನನಗೆ ಅಕ್ಕನ ಕಾಲುಗಳು ನೆನಪಾಗುತ್ತವೆ.

ಅಕ್ಕ ಆಗ ಬಂಟ್ವಾಳದಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಮಂಗಳೂರಿನಲ್ಲಿ ನಡೆಯುವ ಜಿಲ್ಲಾ ಕ್ರೀಡಾಕೂಟದ ಓಟಕ್ಕೆ ಆಯ್ಕೆಯಾಗಿದ್ದಳು. ಮಳೆ ನಿಂತು ನೇತ್ರಾವತಿ ಇಳಿದ ಮೇಲೆ ಡ್ರಿಲ್ ಮಾಸ್ಟ್ರು ಅವಳನ್ನು ಹೊಳೆಯ ಹೊಯಿಗೆಯಲ್ಲಿ, ಕಾಲು ಹೂಳುವ ಆ ಮರಳಿನಲ್ಲಿ, ಓಡಿಸುತ್ತಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿ ಹಳೆಯ ಟಯರು ಎಳೆಸುತ್ತಿದ್ದರು. "ಹೊಯಿಗೆಯಲ್ಲಿ ಓಡಿದವಳಿಗೆ ಮೈದಾನ ಹಗುರ" ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅಜ್ಜಿ ಅವಳ ಗಟ್ಟಿಯಾದ ಮೀನಖಂಡಗಳಿಗೆ ಎಣ್ಣೆ ತಿಕ್ಕುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ವಿಟ್ಲದಿಂದ ದೊಡ್ಡಮಾವ ಬಂದರು. ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು, "ಹುಡುಗನ ಕಡೆಯವರು ಒಪ್ಪಿದ್ದಾರೆ. ಇನ್ನು ಓಟಗೀಟ ಬೇಡ. ಸೋಮವಾರದಿಂದ ಶಾಲೆಯೂ ಬೇಡ" ಎಂದರು. ಅಮ್ಮ ನೆಲ ನೋಡುತ್ತ ಕುಳಿತರು.

ಅಜ್ಜಿ ಮಾತ್ರ, "ಇವತ್ತೊಂದು ದಿನ ಹೋಗಿ ಬರಲಿ ಮಗಾ. ಮಾಸ್ಟ್ರು ಕಾಯ್ತಾ ಇರ್ತಾರೆ" ಎಂದರು.

ನಾನು ಟವಲು ಹಿಡಿದು ಅಕ್ಕನ ಹಿಂದೆ ಹೋದೆ. ಮಾವ ಹೇಳಿದ್ದು ಅವಳಿಗೂ ಕೇಳಿಸಿತ್ತು. ಹೊಳೆಬದಿಯಲ್ಲಿ ತಾನೇ ಹಗ್ಗ ಕಟ್ಟಿಕೊಂಡು ಟಯರು ಎಳೆದಳು. ಹಗ್ಗ ಬಿಚ್ಚಿ ಓಡಿದಳು. ಮಾಸ್ಟ್ರು ಸಾಕೆಂದರೂ ಮತ್ತೆ ಓಡಿದಳು.

ಕೊನೆಗೆ ಮಾಸ್ಟ್ರು ಕೈಗಡಿಯಾರ ನೋಡಿ ನಕ್ಕರು. "ಇಷ್ಟು ಜೋರು ನೀನು ಯಾವತ್ತೂ ಓಡಿದ್ದಿಲ್ಲ. ಸೋಮವಾರ ಸ್ವಲ್ಪ ಬೇಗ ಬಾ, ಸ್ಟಾರ್ಟು ಸರಿ ಮಾಡುವ."

ಅಕ್ಕ ಮೊಣಕಾಲುಗಳ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಳು.

"ಆಯ್ತು ಸರ್, ಬರ್ತೇನೆ" ಎಂದಳು.