ಬೆಲ್ಲಾಂಡಿಯವರ ಭಿನ್ನರಾಶಿ

ಇಟಲಿಯ ಆ ವಿದ್ಯಾಪೀಠದ ಗೋಡೆಗಳು ಆಡಿದ ಮಾತನ್ನು ಏಳು ವರ್ಷಕ್ಕೆ ಸರಿಯಾಗಿ ಮರಳಿ ಒಪ್ಪಿಸುತ್ತಿದ್ದವು. ಅಭ್ಯರ್ಥಿಯ ಹಳೆಯ ಪಾಠವನ್ನು ಗೋಡೆಯಿಂದ ಕೇಳಿಯೇ ಪ್ರಾಧ್ಯಾಪಕರನ್ನು ನೇಮಿಸುವುದು ರೂಢಿ.

ಭೌತವಿಜ್ಞಾನಿ ಒಟ್ಟಾವಿಯೊನ ಏಳು ವರ್ಷ ಹಿಂದಿನ ಪಾಠವನ್ನು ಗೋಡೆ ಒಪ್ಪಿಸಿ ಮುಗಿಸಿತು. ಸಮಿತಿ ತಲೆದೂಗಿತು. ಆದರೆ ಅಂದು ಪಾಠದ ನಂತರ, ಖಾಲಿ ಬೆಂಚುಗಳೆದುರು ತಾನು ಆಡಿದ್ದು ಅವನಿಗೆ ನೆನಪಿತ್ತು.

“ಸ್ವಾಮಿ, ನೇಮಕಪತ್ರಕ್ಕೆ ಸಹಿ ಆಗಿಬಿಡಲಿ,” ಎಂದ ಒಟ್ಟಾವಿಯೊ.

“ಅವಸರ ಯಾಕಪ್ಪಾ? ಇನ್ನೊಂಚೂರು ಕೇಳೋಣ,” ಎಂದರು ಸಮಿತಿಯ ಮುಖ್ಯಸ್ಥ ಬೆಲ್ಲಾಂಡಿ.

ಗೋಡೆ ಒಟ್ಟಾವಿಯೊನ ಎಳೆಯ ದನಿಯಲ್ಲಿ ನಕ್ಕಿತು: “ನಮ್ಮ ಬೆಲ್ಲಾಂಡಿಗೆ ಭಿನ್ನರಾಶಿಯೇ ಬರೋದಿಲ್ಲ!”

ಬೆಲ್ಲಾಂಡಿಯವರ ಮುಖ ಕೆಂಪೇರಿತು. ಒಟ್ಟಾವಿಯೊ ಹೊರಡಲು ಟೋಪಿ ಎತ್ತಿಕೊಂಡ.

ಗೋಡೆ ಇನ್ನೂ ಮುಗಿಸಿರಲಿಲ್ಲ. ಬಾಗಿಲ ಬಳಿ ಹಳೆಯ ಹೆಜ್ಜೆಸಪ್ಪಳ; ಆಮೇಲೆ ಬೆಲ್ಲಾಂಡಿಯವರದೇ ಪಿಸುದನಿ: “ಅಯ್ಯೋ ದೇವರೇ, ಇವನಿಗೆ ಹೇಗೆ ಗೊತ್ತಾಯ್ತು? ಗುಣಾಕಾರದ್ದೂ ಗೊತ್ತಾದರೆ...”

ಬೆಲ್ಲಾಂಡಿ ನಿಂತಲ್ಲೇ ಸಹಿ ಗೀಚಿದರು. “ನೇಮಕ ಆಯ್ತು! ಏಳಿ, ಎಲ್ಲರೂ ಊಟಕ್ಕೆ ನಡೀರಿ!”